ಕುರ್ಚಿ ಎಳೆದುಕೊಟ್ಟ ಡಾಕ್ಟರು

ಅವನು ಬಾಗಿಲಲ್ಲೇ ನಿಂತ. ಒಳಗೆ ಕಾಲಿಟ್ಟರೆ ಬೈಗುಳ ಬೀಳುತ್ತದೆಂದು ಗೊತ್ತಿದ್ದವನ ನಿಲುವು ಅದು. ಬೆವರಿಗೆ ಅಂಗಿ ಬೆನ್ನಿಗಂಟಿತ್ತು, ಕೈ ನಡುಗುತ್ತಿತ್ತು.

ಡಾಕ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೊನ್ನೆ ಇಂಥವನೇ ಒಬ್ಬ ಬಂದಾಗ ಕಾವಲುಗಾರನನ್ನು ಕರೆಸಿದ್ದರು. ಇಂದು ತಾವೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು.

“ಬನ್ನಿ, ಕೂತ್ಕೊಳ್ಳಿ. ನೀರು ಕೊಡ್ಲಾ?”

ಸಿರಿಂಜು ಜೋಡಿಸುತ್ತಿದ್ದ ನರ್ಸಮ್ಮನ ಕೈ ನಿಂತಿತು. “ಇಂಥವರಿಗೆ ಔಷಧಿ ಬೇರೆ ಕೇಡು” ಎಂದು ಗೊಣಗುತ್ತಲೇ ವ್ಯಸನ ಚಿಕಿತ್ಸೆಯ ತರಬೇತಿಗೆ ಹೋಗಿದ್ದ ಮನುಷ್ಯ ಇವರೇನಾ? ನಾಲ್ಕು ಪಾಠ ಕೇಳಿದ್ದಕ್ಕೇ ಇಷ್ಟು ಬದಲಾಗುತ್ತಾರಾ? ಅವಳಿಗೆ ಬೆರಗು.

“ನಶೆ ಸೂಜಿ ಚುಚ್ಕೋತೀನಿ ಸಾರ್,” ಅವನು ನೆಲ ನೋಡುತ್ತ ಹೇಳಿದ. “ಬಿಡಬೇಕು ಅಂತ ಬಂದೆ. ಹೊರಗೆ ಅಕ್ಕ ಕೂತಿದ್ದಾಳೆ. ಹೋದ ಕಡೆಯೆಲ್ಲ ಓಡಿಸಿದ್ರು. ಇಲ್ಲೂ ಆಗದಿದ್ರೆ ಇನ್ನೆಲ್ಲಿಗೂ ಬರಲ್ಲ ಅಂತ ಅವಳಿಗೆ ಹೇಳಿಬಿಟ್ಟಿದೀನಿ.”

“ನಾಚ್ಕೋಬೇಡಿ. ಇದು ಕಾಯಿಲೆ, ಕೆಟ್ಟತನ ಅಲ್ಲ. ಇದಕ್ಕೆ ಔಷಧಿ ಇದೆ.” ಡಾಕ್ಟರು ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ, ಕೊಂಚ ಗಟ್ಟಿಯಾಗಿಯೇ ಹೇಳಿದರು. ಅವನು ಅಂಗಿಯ ತೋಳು ಮಡಚಿ ಸೂಜಿಯ ಗುರುತು ತೋರಿಸಲು ಹೋದಾಗ ತಡೆದರು. “ಅದೆಲ್ಲ ಬೇಡ. ನಿಮ್ಮ ಮಾತೇ ಸಾಕು.”

ಅವನು ಬಿಕ್ಕಿ ಬಿಕ್ಕಿ ಅತ್ತ. ಅಳುವುದಕ್ಕೂ ನಾಚಿ ಮುಖ ಮುಚ್ಚಿಕೊಂಡ. ಡಾಕ್ಟರು ತಲೆದೂಗಿದರು.

ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತ ಔಷಧಿ ತರಲು ಹೋದಳು. ಅವಳು ಮರೆಯಾದದ್ದೇ ತಡ, ಡಾಕ್ಟರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು.

“ಭಲೇ ಸಾರ್! ಆ ನಡುಕ, ಆ ಅಳು, ಥೇಟ್ ನಶೆಯವರ ಹಾಗೇ. ನಮ್ಮನ್ನ ಪರೀಕ್ಷೆ ಮಾಡೋಕೆ ತರಬೇತಿಯವರು ರೋಗಿ ವೇಷದಲ್ಲಿ ನಟರನ್ನ ಕಳಿಸ್ತಾರೆ ಅಂತ ಗೊತ್ತಿತ್ತು. ಇವತ್ತೇ ಅಂತ ಸುಳಿವೂ ಸಿಕ್ಕಿತ್ತು. ನಿಜವಾದ ಗಿರಾಕಿ ಆಗಿದ್ರೆ ಬಾಗಿಲಲ್ಲೇ ಅಟ್ಟಿರ್ತಿದ್ದೆ ಬಿಡಿ. ನಾನು ಪಾಸು ತಾನೇ?”

ಅವನು ಮುಖದಿಂದ ಕೈ ತೆಗೆದ. ಕೈ ಇನ್ನೂ ನಡುಗುತ್ತಲೇ ಇತ್ತು.

ಡಾಕ್ಟರರ ನಗು ಅರ್ಧಕ್ಕೇ ನಿಂತಿತು. ನಾಚಿ ತಲೆ ತಗ್ಗಿಸಿದರು.

ಅವನು ಎದ್ದು ಬಾಗಿಲು ತೆಗೆದ. “ನಡಿ ಅಕ್ಕಾ,” ಎಂದ. “ಇವರು ಬೇರೆ ಯಾರಿಗೋ ಕಾಯ್ತಿದ್ರಂತೆ.”