ಗಾಳಿಮರದ ಹಿಂದಿನ ಚೆಂಡು

ಗಾಲ್ಫ್ ಚೆಂಡೊಂದು ಎರಡು ಗೇಣು ಸರಿದ ಈ ವಿಚಾರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಸರಿಸಿದ್ದು ಕಾಲು, ಅದೂ ಹೊಸ ಅಳಿಯನ ಕಾಲು. ಎದುರಾಳಿಯಾಗಿ ಆಡುತ್ತಿದ್ದವರು ನಿವೃತ್ತ ನ್ಯಾಯಾಧೀಶರಾದ ಮಾವ.

ರಜೆಗೆಂದು ಕುಟುಂಬದೊಡನೆ ಕಡಲತೀರಕ್ಕೆ ಬಂದವರು, ಹೆಂಗಸರನ್ನು ಹೋಟೆಲಿನಲ್ಲೇ ಬಿಟ್ಟು ಅಲ್ಲಿನ ಸಾರ್ವಜನಿಕ ಗಾಲ್ಫ್ ಮೈದಾನ ಹೊಕ್ಕಿದ್ದರು. ಗಾಳಿಮರದ ಹಿಂದೆ ಚೆಂಡು ಸಿಕ್ಕಿಕೊಂಡಿತ್ತು. ಮಾವ ದೂರದಲ್ಲಿದ್ದರು. ಅಳಿಯ ಅದನ್ನು ಕಾಲಿನಿಂದ ಈಚೆಗೆ ತಳ್ಳಿ, ಹೊಡೆದು, ಪಂದ್ಯವನ್ನೂ ಗೆದ್ದ.

ಊಟಕ್ಕೆ ಇಬ್ಬರೇ ಕೂತಾಗ ಅಳಿಯನಿಗೆ ಮೀನು ಗಂಟಲಲ್ಲಿ ಇಳಿಯಲಿಲ್ಲ.

“ಯಾಕೆ ಅಳಿಯಂದ್ರೇ, ಮುಳ್ಳು ಸಿಕ್ಕಿತಾ?”

“ಮುಳ್ಳಲ್ಲ ಮಾವ. ಆ ಗಾಳಿಮರದ ಹಿಂದೆ ಚೆಂಡನ್ನ ಕಾಲಲ್ಲಿ ತಳ್ಳಿಬಿಟ್ಟೆ. ನಿಮ್ಮಂಥವರ ಎದುರು ಮೋಸ ಮಾಡಿ ಗೆದ್ದೆ. ದಯವಿಟ್ಟು ನಿಮ್ಮ ಮಗಳಿಗೆ ಹೇಳಬೇಡಿ.”

ಮಾವ ತಟ್ಟೆ ಪಕ್ಕಕ್ಕಿಟ್ಟರು.

“ನೀವೂ ನಿಮ್ಮತ್ತೆಗೆ ಹೇಳಬೇಡಿ,” ಎಂದರು. “ಮರದ ಹಿಂದೆ ಬಿದ್ದಿದ್ದು ನನ್ನ ಚೆಂಡು. ಬಯಲಲ್ಲಿದ್ದ ನಿಮ್ಮದನ್ನ ಗೊತ್ತಿದ್ದೂ ಗೊತ್ತಿದ್ದೂ ನಾನು ಹೊಡೆದೆ.”

ಮರುದಿನ ಇಬ್ಬರೂ ಹೆಂಡತಿಯರ ಜೊತೆ ಸಮುದ್ರ ನೋಡಲು ಹೋದರು.