ಮೇಡಂ ಮಾತನ್ನು ಮೇಡಂ ಕೇಳಿದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದೇ. ಗೋಡೆಯ ಸ್ಪೀಕರು ಗಂಟಲು ಸರಿಮಾಡಿಕೊಂಡು, ಇವತ್ತಿನ ಕ್ಲಾಸು ಮುಗಿಯಿತು, ಎಲ್ಲರೂ ಮನೆಗೆ ಹೊರಡಿ ಎಂದು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ತರಬೇತಿಯ ಮೇಡಂ ಪುಸ್ತಕ ಮುಚ್ಚಿ, ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ನಡೆದೇಬಿಟ್ಟರು. ಅಲ್ಲಿ ನಿಂತರು. "ಅದು ನನ್ನ ದನಿ ಅಲ್ವೇನ್ರೀ? ನಾನಿಲ್ಲಿದ್ದೀನಿ, ಅಲ್ಲಿರೋಳು ಯಾರು?"

ಇಂಗ್ಲಿಷ್ ಕಲಿಸುವ ಟೀಚರಾಗಲು ಬಂದಿದ್ದ ಇಡೀ ತರಗತಿ ತುಟಿ ಕಚ್ಚಿಕೊಂಡಿತು. ಕಟ್ಟಡಕ್ಕೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಪ್ರಕಟಣೆ ಕೊಡುವುದು ಅವರೆಲ್ಲರ ಪ್ರಾಜೆಕ್ಟು. ಬಾಯಿ ಬಿಡದವರು ಫೇಲು ಎಂಬುದು ಮೇಡಂ ಕಟ್ಟಪ್ಪಣೆ. ವರ್ಷವಿಡೀ ಒಂದು ಇಂಗ್ಲಿಷ್ ವಾಕ್ಯವನ್ನೂ ಆಡದ, 'ಮೌನವ್ರತ' ಎಂದೇ ಹೆಸರಾಗಿದ್ದ ಹುಡುಗಿಯ ಕುರ್ಚಿ ಮಾತ್ರ ಖಾಲಿಯಿತ್ತು.

ಅವಳು ಮೈಕಿನ ಕೋಣೆಯಿಂದ ಬಂದಳು. "ತಪ್ಪಾಯ್ತು ಮೇಡಂ. ನನ್ನ ದನೀಲಿ ಮಾತಾಡೋಕೆ ಹೋದ್ರೆ ನಾಲಿಗೆ ಒಣಗುತ್ತೆ. ನಿಮ್ಮ ಥರ ಮಾತಾಡಿದ್ರೆ ಸಲೀಸು."

ಮೇಡಂ ಬ್ಯಾಗು ಇಳಿಸಲಿಲ್ಲ. "ಇಷ್ಟು ವರ್ಷ ಪಾಠ ಮಾಡಿದ್ದೀನಿ, ನನ್ನ ಮಾತನ್ನ ಮರುಮಾತಿಲ್ಲದೆ ಕೇಳಿದೋಳು ನಾನೊಬ್ಬಳೇ ಕಣೇ. ನೀನು ಪಾಸು." ಗಂಭೀರವಾಗಲು ಗಂಟಲು ಸರಿಮಾಡಿಕೊಂಡರು. ಅದು ಥೇಟ್ ಸ್ಪೀಕರಿನ ಹಾಗೇ ಕೇಳಿಸಿತು. ಮೊದಲು ನಕ್ಕವರೂ ಅವರೇ, ಪಕ್ಕದ ಕ್ಲಾಸಿನವರು ಬಂದು ಇಣುಕಿದರೂ ನಗು ನಿಲ್ಲಿಸದವರೂ ಅವರೇ.