ಮುಯ್ಯಾಳು

"ಒಬ್ಬೊಬ್ಬರೇ ಬನ್ನಿ" ಎಂದು ನರ್ಸು ಕೂಗಿದರೆ ನಾಲ್ವರೂ ಒಟ್ಟಿಗೇ ಒಳಗೆ ನುಗ್ಗಿದರು. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗಬಾರದು ಎಂಬುದು ಸೋಮಮ್ಮನಿಗೂ ಗೊತ್ತಿರಲಿಲ್ಲ, ಅವಳ ತಂಗಿ ಚಿಕ್ಕಸಿದ್ದಮ್ಮನಿಗೂ ಗೊತ್ತಿರಲಿಲ್ಲ. ಪಿರಿಯಾಪಟ್ಟಣದ ಪಕ್ಕದ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಅಕ್ಕನ ಗಂಡ ಸಣ್ಣಬೀರಯ್ಯ, ತಂಗಿಯ ಗಂಡ ಚೆಲುವಯ್ಯ ಇಬ್ಬರೂ ಹೊಗೆಸೊಪ್ಪು ಬೆಳೆದು, ಬೀಡಿ ಸೇದಿ, ಒಂದೇ ವರ್ಷ ಶ್ವಾಸಕೋಶದಲ್ಲಿ ಗಡ್ಡೆ ಮಾಡಿಕೊಂಡಿದ್ದರು. ಷಡ್ಡಕರೆಂದರೆ ಹೀಗಿರಬೇಕು ನೋಡಿ ಎಂದು ಊರವರು ಮರುಗುತ್ತಲೇ ನಕ್ಕಿದ್ದರು.

ಮೈಸೂರಿನಲ್ಲಿ ಇಬ್ಬರ ಗಡ್ಡೆಯನ್ನೂ ಕೊಯ್ದು ತೆಗೆದ ಡಾಕ್ಟರು ಭಾನುವಾರ ಹುಣಸೂರಿಗೆ ಬರುತ್ತಿದ್ದರು. ಹೊರಗೆ ಬೆಂಚಿನ ತುಂಬ ಜನ. ಡಾಕ್ಟರು ನಾಲ್ವರನ್ನೂ ಒಮ್ಮೆ ನೋಡಿ, ಎಲ್ಲರೆದುರೇ ಹೇಳಿಬಿಟ್ಟರು.

"ರೋಗದ ಮೇಲೆ ಬೀಳೋ ಕಣಗಳು ನಮ್ಮ ಮೈಯಲ್ಲೇ ಇರ್ತವೆ, ಕಾವಲಿನವರ ಥರ. ಸಣ್ಣಬೀರಯ್ಯನವರ ಗಡ್ಡೆ ಒಳಗೆ ಅವು ತುಂಬಿಕೊಂಡಿದ್ವು. ಹಾಗಿದ್ದವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕ್ತಾರೆ. ಚೆಲುವಯ್ಯನವರ ಗಡ್ಡೆ ಒಳಕ್ಕೆ ಅವು ಹೋಗೇ ಇಲ್ಲ."

"ಅಂಗಂದ್ರೆ?" ಎಂದಳು ಚಿಕ್ಕಸಿದ್ದಮ್ಮ.

"ರೋಗ ಮತ್ತೆ ಬರೋ ಭಯ ನಿಮ್ಮ ಯಜಮಾನರಿಗೆ ಜಾಸ್ತಿ. ಗ್ಯಾರಂಟಿ ಅಂತ ಇಬ್ಬರಿಗೂ ಹೇಳಕ್ಕಾಗಲ್ಲಮ್ಮ."

ಸೋಮಮ್ಮನಿಗೆ ಹೋದ ಜೀವ ಬಂದಂತಾಯಿತು. ತಂಗಿಯ ಮುಖ ಕಂಡು ಆ ಸಂತೋಷವನ್ನು ಹಾಗೇ ನುಂಗಿಕೊಂಡಳು. ಒಡಹುಟ್ಟಿದವಳ ಪಕ್ಕದಲ್ಲಿ ನಿಂತು ಸುಖಪಡುವ ಹಾಗಾಯಿತಲ್ಲ ಎಂದು ಸಂಕಟವಾಯಿತು. ಸಣ್ಣಬೀರಯ್ಯ ತಲೆ ಎತ್ತಲಿಲ್ಲ. ಚೆಲುವಯ್ಯ ಮಾತ್ರ ಯಾರದೋ ಸುದ್ದಿ ಕೇಳಿದವನಂತೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಬುಡು, ಅಣ್ಣ ಉಳ್ಕಂಡ್ರೆ ಎರಡ್ ಮನೆಗೂ ಒಂದ್ ದಿಕ್ಕಾಯ್ತದೆ" ಎಂದ.

ಚಿಕ್ಕಸಿದ್ದಮ್ಮ ಬಿಡುವವಳಲ್ಲ.

"ಸಾ, ಒಗೆಸೊಪ್ಪು ಮುರಿಯೋ ಕಾಲ್ದಲ್ಲಿ ಅಕ್ಕನ ಮನೇಲಿ ಆಳು ಕಮ್ಮಿ ಬಿದ್ರೆ ನಾವು ಮುಯ್ಯಾಳು ಓಯ್ತೀವಿ. ನಮ್ಗೆ ಕಮ್ಮಿ ಬಿದ್ರೆ ಅವ್ರು ಬತ್ತಾರೆ. ಭಾವನ ಮೈಯೊಳ್ಗಿರೋ ಆ ಕಾವಲ್ನೋರ್ನ ಒಂದಷ್ಟು ನಮ್ಮೋರ್ಗೆ ಕಳ್ಸಕಾಗಕಿಲ್ವಾ? ಅಕ್ಕ ಇಲ್ಲ ಅನ್ನಕಿಲ್ಲ ಕಣ್ರೀ."

ಡಾಕ್ಟರು ನಗಲಿಲ್ಲ. "ಆಗಲ್ಲಮ್ಮ. ಒಬ್ಬರವು ಇನ್ನೊಬ್ಬರ ಮೈಗೆ ಹೋದ್ರೆ ರೋಗ ಬಿಟ್ಟು ಆ ಮೈಯನ್ನೇ ಹೊಡೀತವೆ" ಎಂದರು.

ಚಿಕ್ಕಸಿದ್ದಮ್ಮ ಆ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ತಂಗಿ ಏನನ್ನು ಹೀಗೆ ನೋಡುತ್ತಿದ್ದಾಳೆಂದು ಸೋಮಮ್ಮ ಕಣ್ಣು ತಗ್ಗಿಸಿದಳು. ಡಾಕ್ಟರು ಆಗಲ್ಲ ಎನ್ನುವ ಮೊದಲೇ ತನ್ನದೇ ಅಂಗೈ ಸಣ್ಣಬೀರಯ್ಯನ ಎದೆಗೆ ಅಡ್ಡ ಹೋಗಿ ಕೂತಿತ್ತು.